ಬೆಂಗಳೂರಿನ ಆಚೆ ಏಂಜೆಲ್ ಹೂಡಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಮಂಗಳೂರು, ಮೈಸೂರು, ಬೆಳಗಾವಿ ಕಡೆ ಏಂಜೆಲ್ ಹೂಡಿಕೆಯ ಮಾತು ಈಗ ಜಾಸ್ತಿ ಕೇಳಿಬರುತ್ತಿದೆ. 2024 ಮತ್ತು 2025ರಲ್ಲಿ ನಿಯಮಗಳೂ ಸಾಕಷ್ಟು ಬದಲಾಗಿವೆ. ಹಣ ಹಾಕುವ ಮನಸ್ಸಿದ್ದವರು, ಹಣ ಹುಡುಕುತ್ತಿರುವವರು ಇಬ್ಬರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನನ್ನ ನಂಬಿಕೆ ಇಷ್ಟು: ನಮ್ಮ ಊರುಗಳಲ್ಲಿ ಹಣಕ್ಕೆ ಬರ ಇಲ್ಲ. ನಾಲ್ಕು ಜನ ಕೂತು ಒಂದು ಕಂಪನಿಯನ್ನು ಸರಿಯಾಗಿ ಪರೀಕ್ಷಿಸಿ, ಒಟ್ಟಿಗೆ ಹಣ ಹಾಕಿ, ಆಮೇಲೂ ಜೊತೆಗಿರುವ ರೂಢಿ ಬೆಳೆಯಬೇಕು. ಕೆಳಗಿನ ಉತ್ತರಗಳಲ್ಲಿ ಆ ಒಲವು ಕಾಣಿಸಿದರೆ, ಅದು ಬೇಕೆಂದೇ ಇಟ್ಟದ್ದು.

ಏಂಜೆಲ್ ಗುಂಪು ಅಂದ್ರೆ ಏನು?

ತಮ್ಮ ಸ್ವಂತ ಹಣವನ್ನು ಹೊಸ ಕಂಪನಿಗಳಲ್ಲಿ ಹಾಕಿ, ಬದಲಿಗೆ ಷೇರು ಪಡೆಯುವವರು ಏಂಜೆಲ್ ಹೂಡಿಕೆದಾರರು. ಬ್ಯಾಂಕ್ ಸಾಲ ಕೊಡದ, ದೊಡ್ಡ ವೆಂಚರ್ ಫಂಡ್‌ಗಳು ತಿರುಗಿಯೂ ನೋಡದ ಹಂತದಲ್ಲಿ ಇವರು ಬರುತ್ತಾರೆ. ಅಂಥ ಕೆಲವರು ಸೇರಿ ಕಂಪನಿಗಳನ್ನು ಒಟ್ಟಿಗೆ ನೋಡಿದರೆ ಅದು ಗುಂಪು. ನೋಡುವುದು ಒಟ್ಟಿಗೆ, ಹಣ ಹಾಕುವ ನಿರ್ಧಾರ ಮಾತ್ರ ಅವರವರದು. ಅಮೆರಿಕದ ಸಿಲಿಕಾನ್ ವ್ಯಾಲಿಯಲ್ಲಿ 1994ರಲ್ಲಿ ಶುರುವಾದ ಬ್ಯಾಂಡ್ ಆಫ್ ಏಂಜೆಲ್ಸ್ ಇಂಥ ಮೊದಲ ಗುಂಪುಗಳಲ್ಲಿ ಒಂದು. ಭಾರತದಲ್ಲಿ ಇಂಡಿಯನ್ ಏಂಜೆಲ್ ನೆಟ್‌ವರ್ಕ್ ಮತ್ತು ಮುಂಬೈ ಏಂಜೆಲ್ಸ್ 2006ರಲ್ಲಿ, ದಿ ಚೆನ್ನೈ ಏಂಜೆಲ್ಸ್ 2007ರಲ್ಲಿ ಶುರುವಾದವು.

ನಮ್ಮ ಕಡೆ ಇದೆಲ್ಲ ನಡೆಯುತ್ತಾ? ಇದು ದೊಡ್ಡ ಊರಿನವರ ಆಟ ಅಲ್ವಾ?

ಕರಾವಳಿಯ ಇತಿಹಾಸ ಒಮ್ಮೆ ನೋಡಿ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಬ್ಯಾಂಕಿನ ಮೂಲ ಸಂಸ್ಥೆ ಕಟ್ಟಿದರು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್. ಇವುಗಳ ನಡುವೆ, 1925ರಲ್ಲಿ, ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಮೂವರು ಸೇರಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಶುರು ಮಾಡಿದಾಗ ಅದರ ಬಂಡವಾಳ 8,000 ರೂಪಾಯಿ. ಕೈಮಗ್ಗದ ನೇಕಾರರಿಗೆ ನೆರವಾಗುವುದು ಅವರ ಉದ್ದೇಶವಾಗಿತ್ತು. 1928ರಲ್ಲಿ ಅದೇ ಬ್ಯಾಂಕ್ ಪಿಗ್ಮಿ ಠೇವಣಿ ತಂದಿತು. ಏಜೆಂಟರು ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆಯಿಂದ ಹಣ ಸಂಗ್ರಹಿಸುತ್ತಿದ್ದರು.

ಒಂದೇ ಜಿಲ್ಲೆಯ ಜನ ತಮ್ಮ ಹಣ ಒಟ್ಟುಗೂಡಿಸಿ, ಪರಿಚಯದ ಬಲದ ಮೇಲೆ, ದೇಶದ ಮಟ್ಟಕ್ಕೆ ಬೆಳೆದ ಇಷ್ಟು ಸಂಸ್ಥೆಗಳನ್ನು ಕಟ್ಟಿದ್ದಾರೆ. ಹೊಸ ಕಂಪನಿಗೆ ಷೇರು ಬಂಡವಾಳ ಕೊಡುವುದು ಆ ಬುದ್ಧಿಯ ಮುಂದಿನ ಹೆಜ್ಜೆ ಅನ್ನಬಹುದು. ಹಾಗಾಗಿ "ನಮ್ಮವರಿಗೆ ಇದೆಲ್ಲ ಒಗ್ಗಲ್ಲ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಬೆಂಗಳೂರಿನಲ್ಲಿ ಅಷ್ಟೊಂದು ಹೂಡಿಕೆದಾರರು ಇರುವಾಗ ಊರಿಗೊಂದು ಗುಂಪು ಯಾಕೆ?

ಮೊದಲ ಕಾರಣ, ಗುರುತು ಪರಿಚಯ. 30 ಲಕ್ಷ ರೂಪಾಯಿ ಬೇಕಾದ ಹುಬ್ಬಳ್ಳಿಯ ಕಂಪನಿಯೊಂದನ್ನು ನೋಡೋಕೆ ಬೆಂಗಳೂರಿನ ಹೂಡಿಕೆದಾರ ಹತ್ತು ಸಲ ಬರುವುದಿಲ್ಲ. ಊರಿನವರು ಸಂಜೆ ಕೆಲಸ ಮುಗಿಸಿ ಹೋಗಿ ಘಟಕ ನೋಡಿ ಬರಬಹುದು. ಗಿರಾಕಿಗಳು ಯಾರು, ಮಾಲು ಕೊಡುವವರಿಗೆ ಹಣ ಸರಿಯಾಗಿ ಸಂದಾಯವಾಗುತ್ತಿದೆಯಾ, ಇದೆಲ್ಲ ಎರಡು ಫೋನ್ ಕರೆಯಲ್ಲಿ ತಿಳಿಯುತ್ತದೆ.

ಎರಡನೆಯದು ಇನ್ನೂ ಮುಖ್ಯ. ಒಂದೊಂದು ಊರಿಗೆ ಒಂದೊಂದು ಕಸುಬು ಗೊತ್ತು. ಮೈಸೂರಿನಲ್ಲಿ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ 1950ರಿಂದ ಇದೆ, ಸೇನೆಯ ಆಹಾರ ಸಂಶೋಧನೆಗೆ ಹೆಸರಾದ ಡಿಎಫ್‌ಆರ್‌ಎಲ್ (ಈಗಿನ ಹೆಸರು ಡಿಐಬಿಟಿ) ಕೂಡ ಅಲ್ಲೇ ಇದೆ. ಸಿರಿಧಾನ್ಯದ ತಿಂಡಿಯೊಂದು ಆರು ತಿಂಗಳು ಕೆಡದೆ ಉಳಿಯುತ್ತಾ ಎಂದು ಹೇಳಬಲ್ಲ ನಿವೃತ್ತ ವಿಜ್ಞಾನಿಗಳು ಆ ಊರಿನಲ್ಲಿ ಸಿಗುತ್ತಾರೆ. ಬೆಳಗಾವಿಯಲ್ಲಿ ಫೌಂಡ್ರಿಗಳಿವೆ, ವಿಮಾನದ ಬಿಡಿಭಾಗ ತಯಾರಿಸುವ ಘಟಕಗಳಿವೆ. ಅಲ್ಲಿನ ಉದ್ಯಮಿ ಒಂದು ಎರಕದ ತುಂಡು ಕೈಗೆ ತೆಗೆದುಕೊಂಡರೆ ಸಾಕು, ಅದರ ಖರ್ಚು ಎಷ್ಟಿರಬೇಕು ಎಂದು ಅಂದಾಜು ಹೇಳುತ್ತಾರೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ, ಮಣಿಪಾಲದಲ್ಲಿ ವೈದ್ಯಕೀಯ, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಕಲಿಸುವ ಎನ್‌ಐಟಿಕೆ. ಈ ತಿಳಿವಳಿಕೆ ಬೆಂಗಳೂರಿನ ಮೀಟಿಂಗ್ ರೂಮಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಊರಲ್ಲೇ ಇದ್ದು ದೊಡ್ಡ ಕಂಪನಿ ಕಟ್ಟಲು ಆಗುತ್ತಾ ಅನ್ನುವ ಅನುಮಾನಕ್ಕೂ ಉತ್ತರ ಸಿಕ್ಕಿದೆ. ಉಡುಪಿಯಲ್ಲಿ 1996ರಲ್ಲಿ ಶುರುವಾದ ರೋಬೋಸಾಫ್ಟ್ ಕಂಪನಿಯನ್ನು 2021ರಲ್ಲಿ ಜಪಾನಿನ ಟೆಕ್ನೋಪ್ರೋ 805 ಕೋಟಿ ರೂಪಾಯಿಗೆ ಕೊಂಡಿತು. ಮೈಸೂರಿನ ಎಕ್ಸೆಲ್‌ಸಾಫ್ಟ್ 2025ರ ನವೆಂಬರ್‌ನಲ್ಲಿ ಷೇರುಪೇಟೆಗೆ ಬಂತು.

ಇತ್ತೀಚೆಗೆ ಏನೇನು ಬದಲಾಗಿದೆ?

ದೊಡ್ಡ ಸುದ್ದಿ ಏಂಜೆಲ್ ಟ್ಯಾಕ್ಸ್ ಹೋಗಿದ್ದು. 2012ರಲ್ಲಿ ಬಂದ ಈ ನಿಯಮದ ಪ್ರಕಾರ, ಕಂಪನಿಯ ಷೇರಿನ ನ್ಯಾಯವಾದ ಬೆಲೆಗಿಂತ ಜಾಸ್ತಿ ಹಣ ಬಂದರೆ ಆ ಹೆಚ್ಚಿನ ಭಾಗವನ್ನು ಕಂಪನಿಯ ಆದಾಯ ಎಂದು ಲೆಕ್ಕ ಹಾಕಿ ತೆರಿಗೆ ಕೇಳುತ್ತಿದ್ದರು. ಇನ್ನೂ ಮಾರಾಟವೇ ಶುರುವಾಗದ ಕಂಪನಿಯ ಬೆಲೆ ಎಷ್ಟು ಅನ್ನುವುದು ಅಂದಾಜಿನ ವಿಷಯ. ಆ ಅಂದಾಜಿನ ಮೇಲೆ ನೋಟಿಸ್ ಬರುತ್ತಿತ್ತು. ಸರ್ಕಾರದ ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತಾದರೂ ಭಯ ಹೋಗಿರಲಿಲ್ಲ. 2024ರ ಜುಲೈ 23ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಅವರು ಎಲ್ಲ ಬಗೆಯ ಹೂಡಿಕೆದಾರರಿಗೂ ಇದನ್ನು ರದ್ದು ಮಾಡಿದರು.

ಎರಡನೆಯದು ಷೇರುಪೇಟೆಯ ನಿಯಂತ್ರಕ ಸೆಬಿಯದು. 2025ರ ಸೆಪ್ಟೆಂಬರ್‌ನಲ್ಲಿ ಏಂಜೆಲ್ ಫಂಡ್‌ಗಳ, ಅಂದರೆ ಹಲವರ ಹಣ ಒಟ್ಟುಗೂಡಿಸಿ ಹೊಸ ಕಂಪನಿಗಳಲ್ಲಿ ಹೂಡಲು ಸೆಬಿಯಲ್ಲಿ ನೋಂದಾಯಿಸಿದ ಫಂಡ್‌ಗಳ, ನಿಯಮ ಬದಲಾಯಿತು. ಫಂಡ್ ಒಂದು ಕಂಪನಿಯಲ್ಲಿ ಹಾಕಬಹುದಾದ ಮೊತ್ತ ಮುಂಚೆ 25 ಲಕ್ಷದಿಂದ 10 ಕೋಟಿವರೆಗೆ ಇತ್ತು. ಈಗ 10 ಲಕ್ಷದಿಂದ 25 ಕೋಟಿವರೆಗೆ ಆಗಿದೆ. ಚಿಕ್ಕ ಊರಿನ ಕಂಪನಿಗೆ ಕೆಳಗಿನ ಮಿತಿ ಇಳಿದದ್ದು ಒಳ್ಳೆಯದು, ಯಾಕೆಂದರೆ ಇಲ್ಲಿ ಬೇಕಾಗುವುದೇ ಹತ್ತು, ಹದಿನೈದು ಲಕ್ಷ. ಆದರೆ ಇದರ ಜೊತೆ ಇನ್ನೊಂದು ಬದಲಾವಣೆಯೂ ಬಂತು. ಅದು ನಮ್ಮ ಕಡೆಯವರಿಗೆ ಕಷ್ಟದ್ದು. ಅದಕ್ಕೆ ಕೆಳಗೆ ಬೇರೆಯೇ ಪ್ರಶ್ನೆ ಇದೆ.

ರಾಜ್ಯ ಸರ್ಕಾರದ ಕಡೆಯಿಂದ, 'ಬಿಯಾಂಡ್ ಬೆಂಗಳೂರು' ಕಾರ್ಯಕ್ರಮ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಭಾಗಗಳಲ್ಲಿ ಕೆಲವು ವರ್ಷಗಳಿಂದ ನಡೆಯುತ್ತಿದೆ. 2025-30ರ ಹೊಸ ಸ್ಟಾರ್ಟಪ್ ನೀತಿಗೆ 518 ಕೋಟಿ ರೂಪಾಯಿ ಇಟ್ಟಿದ್ದಾರೆ. ಗುರಿ 25,000 ಹೊಸ ಸ್ಟಾರ್ಟಪ್‌ಗಳು, ಅದರಲ್ಲಿ 10,000 ಬೆಂಗಳೂರಿನ ಹೊರಗೆ. ಹತ್ತು ಸಾವಿರ ಕಂಪನಿಗಳಿಗೆ ಸರ್ಕಾರದ ಹಣ ಒಂದೇ ಸಾಲುವುದಿಲ್ಲ. ಊರಿನ ಹಣ ಬರಲೇಬೇಕು.

ಸೆಬಿಯ ಹೊಸ ನಿಯಮದಲ್ಲಿ ನಾನು ಬರುತ್ತೇನಾ?

ಏಂಜೆಲ್ ಫಂಡ್‌ಗೆ ಈಗ 'ಅಕ್ರೆಡಿಟೆಡ್ ಇನ್ವೆಸ್ಟರ್' ಎಂಬ ಮಾನ್ಯತೆ ಇರುವವರು ಮಾತ್ರ ಹೊಸದಾಗಿ ಸೇರಬಹುದು. ಹಳೆಯ ಫಂಡ್‌ಗಳು ಪೂರ್ತಿ ಬದಲಾಗಲು 2026ರ ಸೆಪ್ಟೆಂಬರ್ 8ರವರೆಗೆ ಕಾಲಾವಕಾಶ ಕೊಟ್ಟಿದ್ದಾರೆ. ವ್ಯಕ್ತಿಗಳಿಗೆ ಮೂರು ದಾರಿಗಳಿವೆ. ವರ್ಷದ ಆದಾಯ 2 ಕೋಟಿ ಇರಬೇಕು. ಇಲ್ಲವೇ ನಿವ್ವಳ ಆಸ್ತಿ 7.5 ಕೋಟಿ ಇದ್ದು, ಅದರಲ್ಲಿ ಅರ್ಧವಾದರೂ ಹಣಕಾಸು ರೂಪದಲ್ಲಿ, ಅಂದರೆ ಷೇರು, ಮ್ಯೂಚುವಲ್ ಫಂಡ್, ಠೇವಣಿ ಇತ್ಯಾದಿಯಲ್ಲಿ ಇರಬೇಕು. ಅದೂ ಇಲ್ಲದಿದ್ದರೆ ಆದಾಯ 1 ಕೋಟಿ, ಆಸ್ತಿ 5 ಕೋಟಿ, ಅದರಲ್ಲೂ ಅರ್ಧ ಹಣಕಾಸು ರೂಪದಲ್ಲಿ.

ಆ 'ಅರ್ಧ' ಅನ್ನುವಲ್ಲೇ ನಮ್ಮವರು ಸಿಕ್ಕಿಹಾಕಿಕೊಳ್ಳುತ್ತಾರೆ. ಶಿರಸಿಯಲ್ಲೋ ಪುತ್ತೂರಿನಲ್ಲೋ ಹತ್ತು ಎಕರೆ ಅಡಿಕೆ ತೋಟ, ಪೇಟೆಯಲ್ಲಿ ಎರಡು ಕಟ್ಟಡ, ಒಂದಿಷ್ಟು ಚಿನ್ನ ಇರುವವರು ಕಾಗದದ ಮೇಲೆ ಕೋಟ್ಯಧೀಶರೇ. ಆದರೆ ತೋಟ, ಕಟ್ಟಡ ಹಣಕಾಸು ಆಸ್ತಿ ಆಗುವುದಿಲ್ಲ. ಹಳೆಯ ನಿಯಮದಲ್ಲಿ, ವಾಸದ ಮನೆ ಬಿಟ್ಟು 2 ಕೋಟಿ ಆಸ್ತಿ ಮತ್ತು ಸ್ವಲ್ಪ ಅನುಭವ ಇದ್ದರೆ ಸಾಕಿತ್ತು. ಹೂಡಿಕೆದಾರ ನಷ್ಟ ತಡೆದುಕೊಳ್ಳಬಲ್ಲನಾ ಎಂದು ಸೆಬಿ ನೋಡುತ್ತಿದೆ, ಅದು ನ್ಯಾಯವೇ. ಆದರೂ ಭೂಮಿಯಲ್ಲೇ ಆಸ್ತಿ ಇಟ್ಟುಕೊಂಡು ಬಂದ ಕುಟುಂಬಗಳನ್ನು ಈ ಅಳತೆ ಹೊರಗಿಡುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಆ ಮಾನ್ಯತೆ ನನಗೆ ಸಿಗಲ್ಲ. ಹಾಗಾದ್ರೆ ನಾನು ಹೊರಗೇನಾ?

ಇಲ್ಲ. ಮೇಲಿನ ನಿಯಮ ಫಂಡ್‌ಗೆ ಮಾತ್ರ. ನಿಮ್ಮ ಹಣವನ್ನು ನೀವೇ ನೇರವಾಗಿ ಕಂಪನಿಗೆ ಕೊಟ್ಟು, ನಿಮ್ಮ ಹೆಸರಿನಲ್ಲೇ ಷೇರು ಪಡೆಯುವುದಾದರೆ ಅದು ಕಂಪನಿ ಕಾಯ್ದೆ 2013ರ ಸೆಕ್ಷನ್ 42ರ ಕೆಳಗೆ ಬರುತ್ತದೆ. ಅದನ್ನು ಪ್ರೈವೇಟ್ ಪ್ಲೇಸ್‌ಮೆಂಟ್ ಅನ್ನುತ್ತಾರೆ. ಹಲವು ಗುಂಪುಗಳ ಸದಸ್ಯರು ಹೀಗೆಯೇ ಹೂಡುತ್ತಾರೆ. ಇದರಲ್ಲಿ ನಿಮ್ಮನ್ನು ಕಾಪಾಡುವ ನಾಲ್ಕಾರು ನಿಯಮಗಳಿವೆ, ದಯವಿಟ್ಟು ಇವನ್ನು ಬಾಯಿಪಾಠ ಮಾಡಿಕೊಳ್ಳಿ.

ಕಂಪನಿ ನಿಮ್ಮ ಹೆಸರಿಗೇ ಪಿಎಎಸ್-4 ಎಂಬ ಆಫರ್ ಪತ್ರ ಕೊಡಬೇಕು. ಹಣ ನಿಮ್ಮ ಬ್ಯಾಂಕ್ ಖಾತೆಯಿಂದಲೇ ಹೋಗಬೇಕು, ನಗದು ಕೊಡುವ ಹಾಗಿಲ್ಲ. ಆ ಹಣ ಕಂಪನಿಯ ಬೇರೆಯೇ ಖಾತೆಯಲ್ಲಿ ಇರಬೇಕು. 60 ದಿನದೊಳಗೆ ಷೇರು ಹಂಚಬೇಕು. ಹಂಚದಿದ್ದರೆ ಮುಂದಿನ 15 ದಿನದಲ್ಲಿ ಹಣ ವಾಪಸ್ ಕೊಡಬೇಕು, ತಡವಾದರೆ ವರ್ಷಕ್ಕೆ 12% ಬಡ್ಡಿ ಸೇರಿಸಿ. ಹಂಚಿದ 15 ದಿನದೊಳಗೆ ಪಿಎಎಸ್-3 ಎಂಬ ಹಂಚಿಕೆಯ ವರದಿಯನ್ನು ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು. ಅದನ್ನು ಸಲ್ಲಿಸುವ ತನಕ ಕಂಪನಿ ಆ ಹಣ ಮುಟ್ಟುವ ಹಾಗಿಲ್ಲ. ಒಂದು ವರ್ಷದಲ್ಲಿ 200ಕ್ಕಿಂತ ಹೆಚ್ಚು ಜನರಿಗೆ ಇಂಥ ಆಫರ್ ಕೊಡುವಂತಿಲ್ಲ.

ಇನ್ನೊಂದು ವಿಷಯ ಉದ್ಯಮಿಗಳಿಗೆ. ಈ ಆಫರನ್ನು ಜಾಹೀರಾತು ಮಾಡುವಂತಿಲ್ಲ. "ನಮ್ಮ ಕಂಪನಿಯ ಷೇರು ಸಿಗುತ್ತವೆ, ಆಸಕ್ತರು ಸಂಪರ್ಕಿಸಿ" ಎಂದು ಊರಿನ ವಾಟ್ಸಾಪ್ ಗುಂಪುಗಳಲ್ಲಿ ಹಾಕುವವರನ್ನು ನೋಡಿದ್ದೇನೆ. ಅದು ಕಾನೂನಿನ ಉಲ್ಲಂಘನೆ, ದಂಡ ದೊಡ್ಡದು.

ಗುಂಪಿನ ಮುಖಂಡರ ಖಾತೆಗೆ ಎಲ್ಲರೂ ಹಣ ಹಾಕಿ, ಅವರು ಕಂಪನಿಗೆ ಕೊಟ್ಟರೆ ಆಗಲ್ವಾ?

ಬೇಡವೇ ಬೇಡ. ಎಷ್ಟೇ ನಂಬಿಕಸ್ಥರಾಗಿರಲಿ. ಷೇರು ಅವರ ಹೆಸರಿಗೆ ಹೋಗುತ್ತದೆ, ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಜೊತೆಗೆ ನೋಂದಣಿ ಇಲ್ಲದೆ ಹಲವರ ಹಣ ಒಟ್ಟುಗೂಡಿಸಿ ಹೂಡುವುದು ಸೆಬಿ ನಿಯಮಕ್ಕೆ ವಿರುದ್ಧ.

ತಿಂಗಳು ತಿಂಗಳು ಏನಾದ್ರೂ ಬರುತ್ತಾ?

ಬರುವುದಿಲ್ಲ. "ತಿಂಗಳಿಗೆ 3% ಗ್ಯಾರಂಟಿ" ಎಂದು ಯಾರಾದರೂ ಏಂಜೆಲ್ ಹೂಡಿಕೆಯ ಹೆಸರಿನಲ್ಲಿ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಷೇರು ಹೂಡಿಕೆಯಲ್ಲಿ ಗ್ಯಾರಂಟಿ ಅನ್ನುವ ಮಾತೇ ಇಲ್ಲ.

ಹಾಗಾದ್ರೆ ಹಣ ವಾಪಸ್ ಬರೋದು ಯಾವಾಗ, ಹೇಗೆ?

ಮೂರು ದಾರಿ. ಮುಂದಿನ ಸುತ್ತಿನಲ್ಲಿ ಬರುವ ದೊಡ್ಡ ಹೂಡಿಕೆದಾರ ನಿಮ್ಮ ಷೇರು ಕೊಳ್ಳಬಹುದು. ಇನ್ನೊಂದು ಕಂಪನಿ ಇಡೀ ಕಂಪನಿಯನ್ನು ಕೊಳ್ಳಬಹುದು. ಅಥವಾ ಷೇರುಪೇಟೆಗೆ ಹೋಗಬಹುದು, ಇದು ತೀರಾ ಅಪರೂಪ. ಏನೇ ಆದರೂ ಐದರಿಂದ ಹತ್ತು ವರ್ಷ ಈ ಹಣ ಇಲ್ಲ ಅಂದುಕೊಂಡೇ ಇರಬೇಕು. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಫಸಲಿಗೆ ಕಾಯುವ ಮಲೆನಾಡಿನವರಿಗೆ ಈ ತಾಳ್ಮೆ ಹೇಳಿಕೊಡಬೇಕಾಗಿಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ, ಇಲ್ಲಿ ನೆಟ್ಟವುಗಳಲ್ಲಿ ಅರ್ಧದಷ್ಟು ಒಣಗುತ್ತವೆ.

ಅದು ಸುಮ್ನೆ ಹೇಳಿದ ಮಾತಲ್ಲ. ಅಮೆರಿಕದ ಏಂಜೆಲ್ ಗುಂಪುಗಳ ಮೇಲೆ 2007ರಲ್ಲಿ ರಾಬರ್ಟ್ ವಿಲ್ಟ್‌ಬ್ಯಾಂಕ್ ಮತ್ತು ವಾರೆನ್ ಬೋಕರ್ ಒಂದು ಅಧ್ಯಯನ ಪ್ರಕಟಿಸಿದರು. ಐನೂರಕ್ಕೂ ಹೆಚ್ಚು ಹೂಡಿಕೆದಾರರ 1,137 ಹೂಡಿಕೆಗಳು ಕೊನೆಗೆ ಏನಾದವು ಎಂದು ನೋಡಿದರು. 52% ಹೂಡಿಕೆಗಳಲ್ಲಿ ಹಾಕಿದ್ದಕ್ಕಿಂತ ಕಡಿಮೆ ಬಂತು. ಒಟ್ಟಾರೆ ಸರಾಸರಿ ಮಾತ್ರ ಹಾಕಿದ್ದರ 2.6 ಪಟ್ಟು. ಹೀಗೆ ವಾಪಸ್ ಬಂದ ಹಣದ ಮುಕ್ಕಾಲು ಭಾಗ ಬಂದದ್ದು 7% ಹೂಡಿಕೆಗಳಿಂದ. ಇದು ಅಮೆರಿಕದ ಲೆಕ್ಕ, ಇಲ್ಲಿಗೆ ಹಾಗೆಯೇ ಹೊಂದಿಸಬಾರದು. ಆದರೂ ಎರಡು ಪಾಠ ಎಲ್ಲ ಕಡೆಗೂ ಸಲ್ಲುತ್ತವೆ. ಒಂದೇ ಕಂಪನಿಯಲ್ಲಿ ಎಲ್ಲ ಹಣ ಹಾಕಬೇಡಿ. ಮತ್ತು, ಹೂಡುವ ಮುಂಚೆ 20 ಗಂಟೆಗಿಂತ ಹೆಚ್ಚು ಹೊತ್ತು ಕಂಪನಿಯನ್ನು ಪರೀಕ್ಷಿಸಿದವರಿಗೆ ಗಣನೀಯವಾಗಿ ಹೆಚ್ಚು ಲಾಭ ಬಂದಿತ್ತು.

ಈ ಎರಡನೆಯ ಮಾತು ಗುಂಪಿನ ಅಗತ್ಯವನ್ನೇ ಹೇಳುತ್ತದೆ. ಒಬ್ಬ ಡಾಕ್ಟರ್ ತಮ್ಮ ಕ್ಲಿನಿಕ್ ನಡುವೆ ಒಂದು ಕಂಪನಿಗೆ 20 ಗಂಟೆ ಕೊಡುವುದು ಕಷ್ಟ. ಐದು ಜನ ಕೆಲಸ ಹಂಚಿಕೊಂಡರೆ ಸುಲಭ.

ಎಷ್ಟು ಹಣ ಇದ್ದರೆ ಶುರು ಮಾಡಬಹುದು?

ಗುಂಪಿನಿಂದ ಗುಂಪಿಗೆ ಬೇರೆ. ನನ್ನ ಸಲಹೆ ಹೀಗಿದೆ: ಪೂರ್ತಿ ಹೋದರೂ ಮನೆಯ ಊಟ, ಮಕ್ಕಳ ಓದು, ಸಾಲದ ಕಂತು ಯಾವುದಕ್ಕೂ ತೊಂದರೆಯಾಗದಷ್ಟು ಹಣ ಮಾತ್ರ ಇಡಿ. ಅದನ್ನು ಕನಿಷ್ಠ ಎಂಟು ಹತ್ತು ಕಂಪನಿಗಳಿಗೆ, ಮೂರು ನಾಲ್ಕು ವರ್ಷಗಳಲ್ಲಿ ಹಂಚಿ. ಮೊದಲ ವರ್ಷ ಏನೂ ಹಾಕದೆ ಸಭೆಗಳಲ್ಲಿ ಕೂತು ಕೇಳಿದರೂ ನಷ್ಟವಿಲ್ಲ. ಸಾಲ ತಂದು, ತೋಟ ಅಡವಿಟ್ಟು ಹೂಡಬೇಡಿ.

ಸಭೆಯಲ್ಲಿ ಏನು ನಡೆಯುತ್ತದೆ?

ಸಾಮಾನ್ಯವಾಗಿ ತಿಂಗಳಿಗೊಮ್ಮೆ ಅಥವಾ ಎರಡು ತಿಂಗಳಿಗೊಮ್ಮೆ ಸೇರುತ್ತಾರೆ. ಬಂದ ಅರ್ಜಿಗಳನ್ನು ಚಿಕ್ಕ ತಂಡವೊಂದು ಮೊದಲೇ ಸೋಸಿರುತ್ತದೆ. ಮೂರೋ ನಾಲ್ಕೋ ಕಂಪನಿಗಳಿಗೆ ಅವಕಾಶ. ಹತ್ತು ನಿಮಿಷ ಅವರ ಮಾತು, ಆಮೇಲೆ ಪ್ರಶ್ನೆಗಳು. ಉದ್ಯಮಿಗಳು ಹೊರಗೆ ಹೋದ ನಂತರ ಸದಸ್ಯರ ನಡುವೆ ಚರ್ಚೆ.

ಗುಂಪಿನ ಗುಣಮಟ್ಟ ಈ ಕೊನೆಯ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಒಳ್ಳೆಯ ಗುಂಪಿನಲ್ಲಿ ಬಸ್ ಕಂಪನಿ ನಡೆಸುವವರು ಡೀಸೆಲ್ ಖರ್ಚಿನ ಲೆಕ್ಕ ಕೇಳುತ್ತಾರೆ, ಹೋಟೆಲಿನವರು ದಿನದ ಕೊನೆಗೆ ಎಷ್ಟು ಮಾಲು ಉಳಿಯುತ್ತದೆ ಎಂದು ಕೇಳುತ್ತಾರೆ, ಸಿಎ ಒಬ್ಬರು ಬರಬೇಕಾದ ಬಾಕಿ ಎಷ್ಟು ದಿನದ್ದು ಎಂದು ನೋಡುತ್ತಾರೆ, ಐಟಿ ಕಂಪನಿಯಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದವರು ತಂತ್ರಾಂಶ ನಿಜಕ್ಕೂ ತಯಾರಾಗಿದೆಯಾ ಎಂದು ಪರೀಕ್ಷಿಸುತ್ತಾರೆ. ಕೆಟ್ಟ ಗುಂಪಿನಲ್ಲಿ ಊರಿನ ಹಿರಿಯರೊಬ್ಬರು "ನಾನು ಹಾಕ್ತೀನಿ" ಅಂದ ಕೂಡಲೇ ಉಳಿದವರೂ ಕೈ ಎತ್ತುತ್ತಾರೆ. ಚಿಕ್ಕ ಊರುಗಳಲ್ಲಿ ಈ ಅಪಾಯ ದೊಡ್ಡದು. ಹಿರಿಯರ ಎದುರು ಇಲ್ಲ ಅನ್ನೋಕೆ ಸಂಕೋಚ, ಉದ್ಯಮಿ ಪರಿಚಯದವರ ಮಗ ಆಗಿದ್ದರೆ ಇನ್ನೂ ಸಂಕೋಚ. ಅದಕ್ಕೇ ಮೊದಲು ಎಲ್ಲರೂ ಚೀಟಿಯಲ್ಲಿ ತಮ್ಮ ಅಭಿಪ್ರಾಯ ಬರೆದು ಕೊಟ್ಟು, ಆಮೇಲೆ ಮಾತಾಡುವ ಪದ್ಧತಿ ಇಟ್ಟುಕೊಳ್ಳುವುದು ಒಳ್ಳೆಯದು.

ಆಸಕ್ತಿ ಇದ್ದವರು ಮುಂದೆ ಕಂಪನಿಯ ಲೆಕ್ಕಪತ್ರ, ಕಾನೂನು ಕಾಗದ, ಗಿರಾಕಿಗಳನ್ನು ಪರೀಕ್ಷಿಸುತ್ತಾರೆ. ಇದಕ್ಕೆ ಡ್ಯೂ ಡಿಲಿಜೆನ್ಸ್ ಎಂದು ಹೆಸರು. ಟರ್ಮ್ ಶೀಟ್ (ಮುಖ್ಯ ಷರತ್ತುಗಳ ಪಟ್ಟಿ), ಷೇರುದಾರರ ಒಪ್ಪಂದ, ಹಣ, ಷೇರು ಹಂಚಿಕೆ, ಎಲ್ಲ ಸೇರಿ ಎರಡು ಮೂರು ತಿಂಗಳು ಹಿಡಿಯುತ್ತದೆ.

ಪರೀಕ್ಷೆಯಲ್ಲಿ ಜಾಸ್ತಿ ಎಡವುವುದು ಎಲ್ಲಿ?

ಉತ್ಪನ್ನದಲ್ಲಿ ಅಲ್ಲ, ಕಾಗದದಲ್ಲಿ. ಕಾರ್ಖಾನೆ ಅಪ್ಪನ ಜಾಗದಲ್ಲಿರುತ್ತದೆ, ಬಾಡಿಗೆ ಕರಾರು ಇರುವುದಿಲ್ಲ. ಬ್ರ್ಯಾಂಡಿನ ಟ್ರೇಡ್‌ಮಾರ್ಕ್ ಅಣ್ಣನ ಹೆಸರಿನಲ್ಲಿರುತ್ತದೆ. ಆ್ಯಪ್ ಬರೆದ ಗೆಳೆಯ ಕಂಪನಿ ಬಿಟ್ಟು ಹೋಗಿರುತ್ತಾನೆ, ಕೋಡ್ ಕಂಪನಿಯದು ಎಂದು ಬರೆಸಿಕೊಂಡಿರುವುದಿಲ್ಲ. ಅರ್ಧ ಮಾರಾಟ ನಗದಿನಲ್ಲಿ, ಪುಸ್ತಕದಲ್ಲಿ ಬರೆಯದೆ ನಡೆದಿರುತ್ತದೆ. ಪುಸ್ತಕದಲ್ಲಿ ಇಲ್ಲದ ಮಾರಾಟವನ್ನು ಹೂಡಿಕೆದಾರರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಭೆಗೆ ಬರುವ ಆರು ತಿಂಗಳು ಮುಂಚೆಯೇ ಒಬ್ಬ ಒಳ್ಳೆಯ ಕಂಪನಿ ಸೆಕ್ರೆಟರಿ ಹತ್ತಿರ ಕೂತು ಇವನ್ನು ಸರಿಮಾಡಿಕೊಳ್ಳಿ.

ನನ್ನದು ಸ್ವಂತ ಹೆಸರಿನ ಪ್ರೊಪ್ರೈಟರ್‌ಶಿಪ್. ಏಂಜೆಲ್ ಹಣ ಸಿಗುತ್ತಾ?

ಹಾಗೇ ಇದ್ದರೆ ಸಿಗುವುದಿಲ್ಲ, ಕೊಡೋಕೆ ಷೇರೇ ಇರುವುದಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಬೇಕು. ಜೊತೆಗೆ ಡಿಪಿಐಐಟಿ, ಅಂದರೆ ಕೇಂದ್ರ ಸರ್ಕಾರದ ಕೈಗಾರಿಕಾ ಇಲಾಖೆ, ಸ್ಟಾರ್ಟಪ್‌ಗಳಿಗೆ ಕೊಡುವ ಮಾನ್ಯತೆ ತೆಗೆದುಕೊಳ್ಳಿ, ಅದು ಉಚಿತ.

ಎಷ್ಟು ಪಾಲು ಬಿಟ್ಟುಕೊಡಬೇಕಾಗುತ್ತೆ?

ಲೆಕ್ಕ ಸರಳ. ಹಣ ಬರುವ ಮುಂಚೆ ಕಂಪನಿಯ ಬೆಲೆ 3 ಕೋಟಿ ಎಂದು ಇಬ್ಬರೂ ಒಪ್ಪಿದ್ದೀರಿ ಅಂದುಕೊಳ್ಳಿ. 50 ಲಕ್ಷ ಬಂದರೆ ಬೆಲೆ 3.5 ಕೋಟಿ ಆಗುತ್ತದೆ. ಹೂಡಿಕೆದಾರರ ಪಾಲು 50 ಲಕ್ಷ ಭಾಗಿಸು 350 ಲಕ್ಷ, ಅಂದರೆ ಸುಮಾರು 14.3%. "50 ಲಕ್ಷಕ್ಕೆ 3 ಕೋಟಿ ಬೆಲೆ" ಅಂದಾಗ ಆ 3 ಕೋಟಿ ಹಣ ಬರುವ ಮುಂಚಿನದ್ದೋ ನಂತರದ್ದೋ ಎಂದು ಮೊದಲೇ ಕೇಳಿ. ನಂತರದ್ದಾದರೆ ನಿಮ್ಮ ಕೈಯಿಂದ ಹೋಗುವುದು 16.7%.

ಮೊದಲ ಸುತ್ತಿನಲ್ಲೇ 40%, 50% ಕೇಳುವ ಹೂಡಿಕೆದಾರರಿದ್ದಾರೆ. ಪಾಲುದಾರಿಕೆ ವ್ಯಾಪಾರದ ಅಭ್ಯಾಸ ಇರುವವರಿಗೆ ಇದು ಸಹಜ ಅನ್ನಿಸಬಹುದು. ಆದರೆ ಹಾಗೆ ಮಾಡಿದರೆ ಮುಂದಿನ ಸುತ್ತಿನ ಹೊತ್ತಿಗೆ ಕಂಪನಿ ಕಟ್ಟುವವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅಂಥ ಕಂಪನಿಯನ್ನು ದೊಡ್ಡ ಫಂಡ್‌ಗಳು ಮುಟ್ಟುವುದೂ ಇಲ್ಲ. ಹೂಡಿಕೆದಾರರಿಗೇ ನಷ್ಟ. 10ರಿಂದ 20% ಒಳಗೆ ಇರಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸಿಸಿಪಿಎಸ್, ಕನ್ವರ್ಟಿಬಲ್ ನೋಟ್ ಅಂತಾರಲ್ಲ, ಏನವು?

ಸಿಸಿಪಿಎಸ್ ಎಂದರೆ ಮುಂದೆ ಕಡ್ಡಾಯವಾಗಿ ಸಾಮಾನ್ಯ ಷೇರಾಗಿ ಬದಲಾಗುವ ಆದ್ಯತಾ ಷೇರು. ಕಂಪನಿ ಮುಚ್ಚಿದರೆ ಅಥವಾ ಮಾರಾಟವಾದರೆ ಇದನ್ನು ಹೊಂದಿದವರಿಗೆ ಸಾಮಾನ್ಯ ಷೇರುದಾರರಿಗಿಂತ ಮೊದಲು ಹಣ. ಏಂಜೆಲ್ ಹೂಡಿಕೆಯಲ್ಲಿ ಜಾಸ್ತಿ ಬಳಸುವುದು ಇದನ್ನೇ. ಕನ್ವರ್ಟಿಬಲ್ ನೋಟ್ ಸಾಲದ ರೂಪದಲ್ಲಿ ಶುರುವಾಗಿ ಆಮೇಲೆ ಷೇರಾಗುತ್ತದೆ, ಬೆಲೆ ನಿಗದಿಯನ್ನು ಮುಂದಕ್ಕೆ ಹಾಕಬಹುದು. ಡಿಪಿಐಐಟಿ ಮಾನ್ಯತೆ ಇರುವ ಸ್ಟಾರ್ಟಪ್‌ಗಳು ಮಾತ್ರ ಇದನ್ನು ಕೊಡಬಹುದು. ಒಬ್ಬ ಹೂಡಿಕೆದಾರ ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ಹಾಕಬೇಕು, 10 ವರ್ಷದೊಳಗೆ ಅದು ಷೇರಾಗಬೇಕು ಅಥವಾ ವಾಪಸಾಗಬೇಕು. ಆ 25 ಲಕ್ಷದ ಕಾರಣಕ್ಕೆ ಚಿಕ್ಕ ಊರಿನ ಗುಂಪುಗಳಿಗೆ ಇದು ಅಷ್ಟಾಗಿ ಹೊಂದುವುದಿಲ್ಲ.

ಏಂಜೆಲ್‌ಗಳ ಹತ್ತಿರ ಬರುವ ಮುಂಚೆ ಸರ್ಕಾರದ ಹಣಕ್ಕೆ ಪ್ರಯತ್ನಿಸಬೇಕಾ?

ಖಂಡಿತ. ಕರ್ನಾಟಕ ಸರ್ಕಾರದ ಎಲಿವೇಟ್ ಕಾರ್ಯಕ್ರಮ 2017ರಿಂದ ಇದೆ. ಆಯ್ಕೆಯಾದವರಿಗೆ 50 ಲಕ್ಷದವರೆಗೆ ಅನುದಾನ, ಷೇರು ಕೇಳುವುದಿಲ್ಲ. ಕೇಂದ್ರದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ 2021ರಲ್ಲಿ ಶುರುವಾಯಿತು. ಅದರಲ್ಲಿ ಮಾದರಿ ತಯಾರಿಸಲು 20 ಲಕ್ಷದವರೆಗೆ ಅನುದಾನ, ಮಾರುಕಟ್ಟೆಗೆ ಹೋಗಲು 50 ಲಕ್ಷದವರೆಗೆ ಸಾಲ ಅಥವಾ ಡಿಬೆಂಚರ್ (ಸಾಲಪತ್ರ) ರೂಪದ ಹಣ. ಇದು ಇನ್‌ಕ್ಯುಬೇಟರ್‌ಗಳ, ಅಂದರೆ ಹೊಸ ಕಂಪನಿಗಳಿಗೆ ಜಾಗ, ಮಾರ್ಗದರ್ಶನ ಕೊಡುವ ಕೇಂದ್ರಗಳ, ಮೂಲಕ ಸಿಗುತ್ತದೆ. ಯೋಜನೆ ಈಗಲೂ ತೆರೆದಿದೆಯಾ, ಯಾವ ಇನ್‌ಕ್ಯುಬೇಟರ್ ಅರ್ಜಿ ತೆಗೆದುಕೊಳ್ಳುತ್ತಿದೆ ಎಂದು ಪೋರ್ಟಲ್‌ನಲ್ಲಿ ನೋಡಿಕೊಂಡು ಹೋಗಿ. ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್, ಮೈಸೂರಿನ ಎಸ್‌ಜೆಸಿಇ-ಸ್ಟೆಪ್, ಮಣಿಪಾಲದ ಇನ್‌ಕ್ಯುಬೇಟರ್ ಇಂಥ ಜಾಗಗಳಲ್ಲಿ ಅರ್ಜಿ ಬರೆಯಲು ಮಾರ್ಗದರ್ಶನವನ್ನೂ ಕೇಳಬಹುದು.

ಅನುದಾನ ಪಡೆದು ಮಾದರಿ ತಯಾರಿಸಿ, ನಾಲ್ಕು ಗಿರಾಕಿಗಳನ್ನು ಹಿಡಿದು ಆಮೇಲೆ ಏಂಜೆಲ್‌ಗಳ ಎದುರು ನಿಂತರೆ ಬೆಲೆಯ ಮಾತುಕತೆಯಲ್ಲಿ ನಿಮ್ಮ ಕೈ ಮೇಲಿರುತ್ತದೆ.

ಕನ್ನಡದಲ್ಲೇ ಪಿಚ್ ಮಾಡಬಹುದಾ, ಅಂದ್ರೆ ಹೂಡಿಕೆದಾರರ ಎದುರು ಕಂಪನಿಯ ಬಗ್ಗೆ ಹೇಳಬಹುದಾ?

ಮಾಡಲೇಬೇಕು ಅನ್ನುತ್ತೇನೆ. ಒಬ್ಬ ರೈತನ ಮಗಳು ಮೆಣಸಿನಕಾಯಿ ಒಣಗಿಸುವ ಯಂತ್ರ ಮಾಡಿದ್ದಾಳೆ ಅಂದುಕೊಳ್ಳಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ತೇವ ಜಾಸ್ತಿ ಇದ್ದರೆ ದರ ಎಷ್ಟು ಕುಸಿಯುತ್ತದೆ ಎಂದು ಅವಳು ಕನ್ನಡದಲ್ಲಿ ಹೇಳಿದರೆ ಸಭೆಯಲ್ಲಿರುವ ವ್ಯಾಪಾರಿಗೆ ತಕ್ಷಣ ಅರ್ಥವಾಗುತ್ತದೆ. ಅದನ್ನೇ ಬಾಯಿಪಾಠ ಮಾಡಿದ ಇಂಗ್ಲಿಷಿನಲ್ಲಿ ಹೇಳಿದರೆ ಅವಳ ತಿಳಿವಳಿಕೆಯ ಅರ್ಧವೂ ಹೊರಗೆ ಬರುವುದಿಲ್ಲ. ಒಪ್ಪಂದದ ಕಾಗದಗಳು ಇಂಗ್ಲಿಷಿನಲ್ಲಿ ಇರುತ್ತವೆ, ಅದು ಸದ್ಯಕ್ಕೆ ತಪ್ಪದು. ಆದರೆ ಸಹಿ ಮಾಡುವ ಮುಂಚೆ ಪ್ರತಿ ಷರತ್ತನ್ನೂ ಕನ್ನಡದಲ್ಲಿ ವಿವರಿಸಿ ಹೇಳುವ ಜವಾಬ್ದಾರಿ ಗುಂಪಿನದು. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ, ಹಾಕಿಸಲೂ ಬೇಡಿ.

ಮಹಿಳೆಯರು ಸೇರುತ್ತಾರಾ?

ಸೇರಬೇಕಾದಷ್ಟು ಸೇರುತ್ತಿಲ್ಲ. 1981ರಲ್ಲಿ ಇನ್ಫೋಸಿಸ್ ಶುರುವಾಗಲು ಸಿಕ್ಕ ಮೊದಲ 10,000 ರೂಪಾಯಿ ಸುಧಾ ಮೂರ್ತಿ ಅವರ ಉಳಿತಾಯದ ಹಣ. ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದವರು ಅವರು. ನಮ್ಮ ಕಡೆಯ ವೈದ್ಯೆಯರು, ಉಪನ್ಯಾಸಕಿಯರು, ಅಂಗಡಿ ನಡೆಸುವವರ ಕೈಯಲ್ಲೂ ಉಳಿತಾಯ ಇದೆ. ಸಭೆಯನ್ನು ರಾತ್ರಿ ಒಂಬತ್ತಕ್ಕೆ ಕ್ಲಬ್ಬಿನಲ್ಲಿ ಇಡುವುದನ್ನು ಬಿಟ್ಟು ಶನಿವಾರ ಬೆಳಗ್ಗೆ ಕಾಲೇಜಿನ ಸಭಾಂಗಣದಲ್ಲಿ ಇಟ್ಟರೆ ಎಷ್ಟೋ ಜನ ಬರುತ್ತಾರೆ.

ದುಬೈನಲ್ಲಿದ್ದೇನೆ, ಊರಿನ ಕಂಪನಿಯಲ್ಲಿ ಹಾಕಬಹುದಾ?

ಹಾಕಬಹುದು. ಎರಡು ವಿಧ. ಹಣವನ್ನು ಮತ್ತೆ ಹೊರದೇಶಕ್ಕೆ ಒಯ್ಯುವ ಹಕ್ಕು ಬೇಡ ಎಂದಾದರೆ ಅನಿವಾಸಿಯ ಹೂಡಿಕೆಯನ್ನು ದೇಶದೊಳಗಿನ ಹೂಡಿಕೆಯಂತೆಯೇ ನೋಡುತ್ತಾರೆ, ಕಾಗದದ ಕೆಲಸ ಕಡಿಮೆ. ವಾಪಸ್ ಒಯ್ಯಬೇಕು ಎಂದಾದರೆ ಅದು ವಿದೇಶಿ ಹೂಡಿಕೆ. ಷೇರು ಹಂಚಿದ 30 ದಿನದೊಳಗೆ ಕಂಪನಿ ರಿಸರ್ವ್ ಬ್ಯಾಂಕಿಗೆ ಎಫ್‌ಸಿ-ಜಿಪಿಆರ್ ಎಂಬ ವರದಿ ಸಲ್ಲಿಸಬೇಕು. ಮೊದಲ ವಿಧದಲ್ಲಿ ಕೃಷಿ, ತೋಟಗಾರಿಕೆ, ರಿಯಲ್ ಎಸ್ಟೇಟ್ ವ್ಯವಹಾರದ ಕಂಪನಿಗಳಲ್ಲಿ ಹಾಕುವಂತಿಲ್ಲ ಅನ್ನುವುದು ನೆನಪಿರಲಿ. ಹಣ ನಿಮ್ಮ ಅನಿವಾಸಿ ಖಾತೆಯಿಂದಲೇ ಬರಲಿ: ಮೊದಲ ವಿಧಕ್ಕೆ ಎನ್‌ಆರ್‌ಇ ಅಥವಾ ಎನ್‌ಆರ್‌ಒ, ಎರಡನೆಯದಕ್ಕೆ ಎನ್‌ಆರ್‌ಇ. ಊರಿನಲ್ಲಿರುವ ಅಣ್ಣನ ಖಾತೆಗೆ ಕಳಿಸಿ ಅವರ ಹೆಸರಲ್ಲಿ ಹಾಕಿಸುವುದು ಬೇಡ.

ಲಾಭ ಬಂದರೆ ತೆರಿಗೆ ಎಷ್ಟು?

ಪಟ್ಟಿಯಾಗದ ಷೇರನ್ನು 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟು ಮಾರಿದರೆ ಲಾಭದ ಮೇಲೆ 12.5%, ಜೊತೆಗೆ ಸೆಸ್ ಮತ್ತು ಅನ್ವಯವಾದರೆ ಸರ್‌ಚಾರ್ಜ್. ಅದಕ್ಕಿಂತ ಮುಂಚೆ ಮಾರಿದರೆ ನಿಮ್ಮ ಆದಾಯದ ಸ್ಲ್ಯಾಬ್ ಪ್ರಕಾರ. ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದ ಎದುರು ಮಾತ್ರ ಹೊಂದಿಸಬಹುದು, 8 ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು.

ಕಂಪನಿ ಮುಚ್ಚಿಹೋದರೆ ಉದ್ಯಮಿ ಹಣ ವಾಪಸ್ ಕೊಡಬೇಕಾ?

ಪ್ರಾಮಾಣಿಕವಾಗಿ ದುಡಿದು ಸೋತಿದ್ದರೆ ಕೊಡಬೇಕಾಗಿಲ್ಲ. ಅದು ಷೇರು ಹಣ, ಕೈಗಡ ಅಲ್ಲ. ಇದನ್ನು ಬಿಡಿಸಿ ಹೇಳಲು ಕಾರಣವಿದೆ. ಸಣ್ಣ ಊರುಗಳಲ್ಲಿ ಹೂಡಿಕೆದಾರರು ಉದ್ಯಮಿಯಿಂದ ಖಾಲಿ ಚೆಕ್ಕು, ಪ್ರಾಮಿಸರಿ ನೋಟು, ಮನೆಯ ಪತ್ರ ಇಟ್ಟುಕೊಳ್ಳುವುದುಂಟು. ಅದು ಏಂಜೆಲ್ ಹೂಡಿಕೆಯೇ ಅಲ್ಲ, ಷೇರಿನ ಹೆಸರಿನ ಸಾಲ. ಸೋತ ಹುಡುಗನ ಅಪ್ಪನ ಮನೆಗೆ ಹೋಗಿ ಹಣ ಕೇಳುವ ಪದ್ಧತಿ ಒಂದು ಊರಿನಲ್ಲಿ ಒಮ್ಮೆ ನಡೆದರೆ, ಆ ಊರಿನಲ್ಲಿ ಮುಂದೆ ಯಾರೂ ಹೊಸ ಕಂಪನಿ ಕಟ್ಟುವ ಧೈರ್ಯ ಮಾಡುವುದಿಲ್ಲ. ಹಣವನ್ನು ಸ್ವಂತಕ್ಕೆ ಬಳಸಿದ್ದರೆ, ಸುಳ್ಳು ಲೆಕ್ಕ ತೋರಿಸಿದ್ದರೆ ಅದು ವಂಚನೆ, ಅದಕ್ಕೆ ಕಾನೂನು ಬೇರೆ ಇದೆ.

ನಮ್ಮೂರಲ್ಲಿ ಗುಂಪು ಇಲ್ಲ. ಶುರು ಮಾಡೋದು ಹೇಗೆ?

ಹತ್ತು ಹನ್ನೆರಡು ಜನ ಸಾಕು. ಒಂದೇ ಕಸುಬಿನವರು ಬೇಡ. ಒಬ್ಬ ಸಿಎ, ಒಬ್ಬ ಕಂಪನಿ ಸೆಕ್ರೆಟರಿ, ಕಾರ್ಖಾನೆ ನಡೆಸಿದವರು, ಮಾರಾಟ ಗೊತ್ತಿರುವವರು, ಐಟಿ ಅನುಭವ ಇರುವವರು ಇರಲಿ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಇನ್‌ಕ್ಯುಬೇಟರ್ ಜೊತೆ ಮಾತಾಡಿ, ಕಂಪನಿಗಳು ಅಲ್ಲಿಂದ ಬರುತ್ತವೆ. ಮೊದಲ ಆರು ತಿಂಗಳು ಹಣದ ಮಾತು ಬೇಡ, ಬರೀ ಕೇಳಿ, ಪ್ರಶ್ನೆ ಕೇಳುವುದನ್ನು ಕಲಿಯಿರಿ. ಮೂರು ನಿಯಮ ಮೊದಲ ದಿನವೇ ಬರೆದಿಡಿ: ಯಾರ ಹಣವೂ ಇನ್ನೊಬ್ಬರ ಖಾತೆಗೆ ಹೋಗುವುದಿಲ್ಲ; ಉದ್ಯಮಿ ಸಂಬಂಧಿಕರಾಗಿದ್ದರೆ ಅದನ್ನು ಮೊದಲೇ ಹೇಳಿ ಆ ಸದಸ್ಯರು ಚರ್ಚೆಯಿಂದ ಹೊರಗಿರುತ್ತಾರೆ; ಬೇಡ ಅಂದ ಕಂಪನಿಗೆ ಎರಡು ವಾರದೊಳಗೆ ಕಾರಣ ಸಮೇತ ಉತ್ತರ ಕೊಡುತ್ತೀರಿ.

ಮೊದಲ ಹೂಡಿಕೆ ಚಿಕ್ಕದಿರಲಿ. ಹಣ ಕೊಟ್ಟ ಮೇಲೆ ಸದಸ್ಯರಲ್ಲಿ ಒಬ್ಬರು ಆ ಕಂಪನಿಯ ಜೊತೆ ತಿಂಗಳಿಗೊಮ್ಮೆ ಕೂರುವ ಹೊಣೆ ಹೊರಲಿ, ಮೂರು ತಿಂಗಳಿಗೊಮ್ಮೆ ಉದ್ಯಮಿಯಿಂದ ಒಂದು ಪುಟದ ವರದಿ ಬರಲಿ: ಎಷ್ಟು ಮಾರಾಟ, ಎಷ್ಟು ಖರ್ಚು, ಕೈಯಲ್ಲಿ ಎಷ್ಟು ತಿಂಗಳಿಗಾಗುವ ಹಣ ಇದೆ, ಯಾವ ಸಹಾಯ ಬೇಕು.